ಹಳೆಯ ಕಾರಿನ ಮೈಲೇಜ್ ಮರಳಿ ಪಡೆದ ಕೆಲಸದ ದಾಖಲೆ: ದಾವಣಗೆರೆ–ಚಿತ್ರದುರ್ಗ ದಾರಿಯಲ್ಲಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ದೂರವಿದೆ. ನೌಕರಿಗಾಗಿ ಈ ದಾರಿಯನ್ನು ದಿನವೂ ಹೋಗಿ ಬರುವವರು ನಮ್ಮ ಊರಿನಲ್ಲಿ ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಬಸ್ಸು ಮತ್ತು ರೈಲಿನ ವೇಳೆ ನನ್ನ ಕೆಲಸದ ವೇಳೆಗೆ ಹೊಂದದ ಕಾರಣ 2014ರ ಮಾದರಿಯ ಒಂದು ಸೆಕೆಂಡ್ ಹ್ಯಾಂಡ್ ಕಾರನ್ನು ಕೊಂಡೆ. ಒಂದು ಲೀಟರ್ ಸಾಮರ್ಥ್ಯದ, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇರುವ ಚಿಕ್ಕ ಕಾರು ಅದು. ಇಂಥ ಕಾರು ಹೆದ್ದಾರಿಯಲ್ಲಿ ಲೀಟರಿಗೆ ಹದಿನೆಂಟು ಕಿಲೋಮೀಟರಾದರೂ ಓಡಬೇಕು. ನನ್ನದು 14ರ ಆಸುಪಾಸಿನಲ್ಲೇ ನಿಂತಿತ್ತು. ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ದಿನಕ್ಕೆ 120 ಕಿ.ಮೀ. ಓಡಿಸುವವನಿಗೆ ಲೀಟರಿಗೆ ನಾಲ್ಕು ಕಿಲೋಮೀಟರಿನ ಕೊರತೆ ಎಂದರೆ ಸಂಬಳದಲ್ಲಿ ಪ್ರತಿ ತಿಂಗಳೂ ಆಗುವ ಕಡಿತವೇ ಸರಿ. ಆ ಕೊರತೆ ಎಲ್ಲಿಂದ ಬಂತು, ಅದನ್ನು ಹೇಗೆ ಹುಡುಕಲಾಯಿತು, ಯಾವ ರಿಪೇರಿಯಿಂದ ಎಷ್ಟು ಮರಳಿತು ಎಂಬುದರ ದಾಖಲೆ ಇದು.

ಮೊದಲು ಅಳತೆ

ಮೈಲೇಜಿನ ಮಾತು ಬಂದಾಗ ನಮ್ಮಲ್ಲಿ ಹೆಚ್ಚಿನವರು ಅಂದಾಜಿನ ಮೇಲೆ ಮಾತನಾಡುತ್ತಾರೆ. ಐನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿದೆ, ಇಷ್ಟು ದಿನ ಬಂತು ಎಂಬ ಲೆಕ್ಕದಲ್ಲಿ ಶೇಕಡಾ ಐದು ಅಥವಾ ಹತ್ತರ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ರಿಪೇರಿಗಳಿಂದ ಬರುವ ಉಳಿತಾಯವಾದರೋ ಇಂಥ ಐದೈದು ಶೇಕಡಾಗಳ ಮೊತ್ತವೇ ಆಗಿರುತ್ತದೆ. ಆದ್ದರಿಂದ ಸ್ಪ್ಯಾನರ್ ಮುಟ್ಟುವುದಕ್ಕೆ ಮುನ್ನ ನಾನು ಅಳತೆಯ ಕ್ರಮವನ್ನು ಗಟ್ಟಿ ಮಾಡಿಕೊಂಡೆ. ಯಾವಾಗಲೂ ಒಂದೇ ಬಂಕ್, ಅದರಲ್ಲಿಯೂ ಒಂದೇ ಪಂಪು, ಬೆಳಗಿನ ತಂಪು ಹೊತ್ತು. ನಾಜಲ್ ತಾನಾಗಿ ಒಮ್ಮೆ ನಿಂತೊಡನೆ ತುಂಬುವುದನ್ನು ನಿಲ್ಲಿಸಬೇಕು. ಬಿಲ್ಲಿನ ಮೊತ್ತವನ್ನು ಸರಿಮಾಡಲೆಂದು ಮೇಲೆ ತುಳುಕಿಸಿ ಹಾಕುವುದನ್ನು ಬೇಡವೆಂದು ಹೇಳಬೇಕು. ಟ್ಯಾಂಕ್ ಮುಕ್ಕಾಲು ಖಾಲಿಯಾಗುವ ತನಕ ಓಡಿಸಿ ಮತ್ತೆ ಅದೇ ರೀತಿ ತುಂಬಿಸಿದಾಗ ಬಿಲ್ಲಿನಲ್ಲಿ ಕಾಣುವ ಲೀಟರುಗಳಿಂದ ಓಡಿದ ದೂರವನ್ನು ಭಾಗಿಸಿದರೆ ಸಿಗುವ ಅಂಕಿಯನ್ನು ನಂಬಬಹುದು. ಒಂದೇ ಟ್ಯಾಂಕಿನ ಅಂಕಿಯಿಂದ ತೀರ್ಮಾನ ಮಾಡಬಾರದು, ಕೆಲವು ಟ್ಯಾಂಕುಗಳ ಸರಾಸರಿಯನ್ನೇ ಹಿಡಿಯಬೇಕು.

ಓಡೋಮೀಟರ್ ಕೂಡ ಸರಿಯಾಗಿದೆಯೇ ಎಂದು ನೋಡಬೇಕಾಗುತ್ತದೆ. ಮೂಲ ಅಳತೆಯದಲ್ಲದ ಟೈರು ಹಾಕಿದ್ದರೆ ಅದು ತಪ್ಪು ದೂರ ತೋರಿಸುತ್ತದೆ. ಆನಗೋಡಿನಿಂದ ಭರಮಸಾಗರದ ಕಡೆಗೆ ಹೋಗುವಾಗ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ಹೋಲಿಸಿ ನೋಡಿದೆ. ವ್ಯತ್ಯಾಸ ಗಣನೆಗೆ ತೆಗೆದುಕೊಳ್ಳುವಷ್ಟಿರಲಿಲ್ಲ.

ಈ ದಾರಿಯ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಬೇಕು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ. ಕಣ್ಣಿಗೆ ಏರು ಎಂದೇ ಅನ್ನಿಸದ ಈ ದಾರಿಯಲ್ಲಿ ಹೋಗುವಾಗ ಕಾರು ನೂರ ಮೂವತ್ತು ಮೀಟರ್ ಮೇಲೇರುತ್ತದೆ, ಬರುವಾಗ ಅಷ್ಟೇ ಇಳಿಯುತ್ತದೆ. ಕಾರು, ಚಾಲಕ ಸೇರಿ ಸುಮಾರು 950 ಕಿಲೋ ತೂಕವೆಂದು ಹಿಡಿದು, ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದು ಲೆಕ್ಕ ಹಾಕಿದರೆ, ಆ ಏರಿಗೇ ನೂರೈವತ್ತು ಮಿಲಿಲೀಟರ್ ಆಸುಪಾಸು ಪೆಟ್ರೋಲ್ ಬೇಕಾಗುತ್ತದೆ. ಆದ್ದರಿಂದ ಹೋಗುವ ದಾರಿಯನ್ನಷ್ಟೇ ಅಥವಾ ಬರುವ ದಾರಿಯನ್ನಷ್ಟೇ ಅಳೆದವರ ಅಂಕಿ ಒಂದು ಕಡೆಗೆ ವಾಲಿರುತ್ತದೆ. ನನ್ನ ಎಲ್ಲ ಅಂಕಿಗಳೂ ಹೋಗಿ ಬಂದ ಲೆಕ್ಕದವು. ಹೀಗೆ ಅಳೆದಾಗ ಸಿಕ್ಕ ಮೊದಲ ಸರಾಸರಿ ಲೀಟರಿಗೆ 14.2 ಕಿ.ಮೀ.

ಚಕ್ರಗಳು ಸರಾಗವಾಗಿ ತಿರುಗುತ್ತಿವೆಯೇ

ಎಂಜಿನ್ ಬಿಚ್ಚುವ ಮೊದಲು ಕಾರನ್ನು ತಡೆಹಿಡಿಯುತ್ತಿರುವುದು ಏನಾದರೂ ಇದೆಯೇ ಎಂದು ನೋಡುವುದು ಅಗ್ಗದ ದಾರಿ. ಟೈರುಗಳ ಗಾಳಿಯನ್ನು ಬೆಳಿಗ್ಗೆ, ಕಾರು ಹೊರಡುವ ಮುನ್ನ, ಸ್ವಂತ ಗೇಜಿನಿಂದ ನೋಡಿದಾಗ 22ರಿಂದ 24 ಪಿಎಸ್‌ಐ ಇತ್ತು. ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇರಬೇಕೆಂದು ಹೇಳಿರುವುದಕ್ಕಿಂತ ಬಹಳ ಕಡಿಮೆ. ಗಾಳಿಯ ಒತ್ತಡ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇಕಡಾ 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕ ಸರ್ಕಾರದ ಇಂಧನ ಇಲಾಖೆ ವಾಹನ ಚಾಲಕರಿಗೆ ಕೊಡುವ ಲೆಕ್ಕ. ಒಂದೊಂದಾಗಿ ನೋಡಿದರೆ ಅಲ್ಪ. ನಾಲ್ಕು ಟೈರಿನಲ್ಲೂ ಏಳೆಂಟು ಪಿಎಸ್‌ಐ ಕಡಿಮೆ ಇದ್ದರೆ ಅಲ್ಪವಲ್ಲ, ಜೊತೆಗೆ ಟೈರಿನ ಅಂಚುಗಳೂ ಬೇಗ ಸವೆಯುತ್ತವೆ.

ನಮ್ಮ ಊರಿನ ಬೇಸಿಗೆಯಲ್ಲಿ ಇಲ್ಲೊಂದು ವಿಚಾರ ಗಮನಿಸಬೇಕು. ಗಾಳಿಯ ಉಷ್ಣತೆ ಐದಾರು ಡಿಗ್ರಿ ಏರಿದರೆ ಟೈರಿನ ಒತ್ತಡ ಒಂದು ಪಿಎಸ್‌ಐನಷ್ಟು ಏರುತ್ತದೆ. ಮಟಮಟ ಮಧ್ಯಾಹ್ನ ಹೆದ್ದಾರಿಯಲ್ಲಿ ಓಡಿ ಬಂದ ಟೈರಿಗೆ ಬಂಕಿನಲ್ಲಿ ಗಾಳಿ ಹಿಡಿಸಿ ಗೇಜು 30 ತೋರಿಸಿತೆಂದರೆ, ಮರುದಿನ ಬೆಳಿಗ್ಗೆ ಅದು 26ಕ್ಕೋ 27ಕ್ಕೋ ಇಳಿದಿರುತ್ತದೆ. ಕಂಪನಿ ಹೇಳುವ ಅಂಕಿ ತಣ್ಣಗಿರುವ ಟೈರಿನದು. ಇದಕ್ಕಾಗಿ ನಾನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪೊಂದನ್ನು ಕೊಂಡು, ಮನೆಯ ಮುಂದೆಯೇ ಗಾಳಿ ತುಂಬಿಸುವ ರೂಢಿ ಮಾಡಿಕೊಂಡೆ. ಮುಂದಿನ ಟೈರುಗಳ ಅಂಚನ್ನು ಬೆರಳಿನಿಂದ ಸವರಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಒರಟು ತಗುಲುತ್ತಿತ್ತು. ಎರಡು ಮುಂಚಕ್ರಗಳೂ ನೇರಕ್ಕೆ ನೋಡದೆ ಟೈರು ರಸ್ತೆಗೆ ಉಜ್ಜಿಕೊಂಡು ಹೋಗುತ್ತಿರುವುದರ ಗುರುತು ಅದು. ಪಿ.ಬಿ. ರಸ್ತೆಯ ಒಂದು ಅಂಗಡಿಯಲ್ಲಿ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದೆ. ಗಾಳಿ ಮತ್ತು ಅಲೈನ್‌ಮೆಂಟ್ ಎರಡೂ ಆದ ಮೇಲಿನ ಸರಾಸರಿ 14.7.

ಆಮೇಲೆ ಆನಗೋಡಿನ ಬಳಿ ಸರ್ವಿಸ್ ರಸ್ತೆಯ ಸಮತಟ್ಟಾದ ಒಂದು ತುಂಡಿನಲ್ಲಿ, ಬೆಳಗಿನ ಜಾವ ಯಾರೂ ಇಲ್ಲದ ಹೊತ್ತಿನಲ್ಲಿ, ಒಂದು ಸರಳ ಪರೀಕ್ಷೆ ಮಾಡಿದೆವು. ನನ್ನ ತಮ್ಮ ಪಕ್ಕದಲ್ಲಿ ಕುಳಿತು ಗುರುತು ಮಾಡಿಕೊಳ್ಳುತ್ತಿದ್ದ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಮರದ ನೇರಕ್ಕೆ ಬಂದಾಗ, ಎಂಜಿನ್ ಚಾಲೂ ಇಟ್ಟುಕೊಂಡೇ ಗೇರನ್ನು ನ್ಯೂಟ್ರಲ್‌ಗೆ ತಂದು, ಕಾರು ತಾನಾಗಿ ಎಷ್ಟು ದೂರ ಉರುಳುತ್ತದೆ ಎಂದು ನೋಡುವುದು. ಗಾಳಿಯ ಮತ್ತು ಇಳಿಜಾರಿನ ಪರಿಣಾಮ ಕಳೆಯಲು ಎರಡೂ ದಿಕ್ಕಿನಲ್ಲಿ ಅದನ್ನೇ ಮಾಡುವುದು. ತಮ್ಮನ ಕಾರು ಅದೇ ಗಾತ್ರದ್ದು. ಅದು ಉರುಳಿದ ದೂರಕ್ಕೆ ಹೋಲಿಸಿದರೆ ನನ್ನದು ಬಹಳ ಮೊದಲೇ ನಿಲ್ಲುತ್ತಿತ್ತು. ಏನೋ ಹಿಡಿದುಕೊಂಡಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಹಿಡಿದಿದ್ದು ಎಡ ಮುಂಚಕ್ರದ ಬ್ರೇಕು. ಹೆದ್ದಾರಿಯಿಂದ ಇಳಿದು, ಬ್ರೇಕ್ ಹೆಚ್ಚು ಒತ್ತದೆ ನಿಧಾನವಾಗಿ ನಿಲ್ಲಿಸಿ ನಾಲ್ಕು ಚಕ್ರಗಳ ಬಳಿ ಅಂಗೈ ಹಿಡಿದರೆ ಎಡ ಮುಂಚಕ್ರದಿಂದ ಮಾತ್ರ ಝಳ ಬರುತ್ತಿತ್ತು. ಡಿಸ್ಕನ್ನು ಕೈಯಿಂದ ಮುಟ್ಟಲೇಬಾರದು, ಚರ್ಮ ಸುಟ್ಟು ಹೋಗುತ್ತದೆ. ಕಾರನ್ನು ಜಾಕಿನಿಂದ ಎತ್ತಿ, ಅಡಿಗೆ ಸ್ಟ್ಯಾಂಡ್ ಕೊಟ್ಟು, ಹಿಂಚಕ್ರಗಳಿಗೆ ಕಲ್ಲು ಅಡ್ಡವಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿದೆ. ಬಲಗಡೆಯದು ಸಲೀಸಾಗಿ ತಿರುಗಿದರೆ ಎಡಗಡೆಯದು ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಭಾಗವಾದ ಕ್ಯಾಲಿಪರ್ ಬಿಚ್ಚಿದಾಗ ಕಾರಣ ತಿಳಿಯಿತು: ಕ್ಯಾಲಿಪರ್ ಹಿಂದೆ ಮುಂದೆ ಜರುಗಲು ಆಧಾರವಾಗಿರುವ ಎರಡು ಪಿನ್ನುಗಳಲ್ಲಿ ಕೆಳಗಿನದರ ರಬ್ಬರ್ ಟೋಪಿ ಹರಿದು, ಒಳಗೆ ನೀರು ಮತ್ತು ಧೂಳು ಸೇರಿ, ಪಿನ್ನು ತುಕ್ಕು ಹಿಡಿದು ಬಿಗಿಯಾಗಿತ್ತು. ಬ್ರೇಕ್ ಬಿಟ್ಟ ಮೇಲೂ ಹೊರಗಿನ ಪ್ಯಾಡು ಡಿಸ್ಕಿನಿಂದ ಬಿಡಿಸಿಕೊಳ್ಳುತ್ತಿರಲಿಲ್ಲ.

ಪಿನ್ನುಗಳನ್ನು ಸಣ್ಣ ಮರಳು ಕಾಗದದಿಂದ ಉಜ್ಜಿ, ಅವು ಕೂರುವ ರಂಧ್ರಗಳನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಹೊಸ ರಬ್ಬರ್ ಟೋಪಿಗಳನ್ನು ಹಾಕಿ, ಬ್ರೇಕಿಗೆಂದೇ ಮಾರುವ ಸಿಲಿಕೋನ್ ಗ್ರೀಸ್ ಸವರಿದೆ. ಸಾಮಾನ್ಯ ಬೇರಿಂಗ್ ಗ್ರೀಸ್ ಇಲ್ಲಿಗೆ ಸಲ್ಲದು; ಅದು ರಬ್ಬರನ್ನು ಉಬ್ಬಿಸಿ ಕೆಲವೇ ತಿಂಗಳಲ್ಲಿ ಅದೇ ತೊಂದರೆಯನ್ನು ಮತ್ತೆ ತರುತ್ತದೆ. ಪಿಸ್ಟನ್ನಿನ ಸೀಲು ಮತ್ತು ಪ್ಯಾಡುಗಳನ್ನು ಬದಲಿಸುವ ಕೆಲಸವನ್ನು ಹಾಗೂ ಬ್ರೇಕ್ ಎಣ್ಣೆಯಿಂದ ಗಾಳಿ ತೆಗೆಯುವ ಕೆಲಸವನ್ನು ಗ್ಯಾರೇಜಿನಲ್ಲಿಯೇ ಮಾಡಿಸಿದೆ. ಬ್ರೇಕಿನ ವಿಷಯದಲ್ಲಿ ಅನುಭವವಿರುವ ಕೈ ಬೇಕು, ಅಲ್ಲಿ ಹಣ ಉಳಿಸಲು ಹೋಗಬಾರದು ಎಂಬುದು ನನ್ನ ನಿಲುವು. ಇದಾದ ಮೇಲೆ ಸರಾಸರಿ 15.7ಕ್ಕೆ ಬಂತು. ಸುಮಾರು ಶೇಕಡಾ ಏಳರಷ್ಟು ಪೆಟ್ರೋಲ್ ಅಲ್ಲಿಯವರೆಗೆ ಬರೀ ಡಿಸ್ಕ್ ಕಾಯಿಸಲು ಉರಿಯುತ್ತಿತ್ತು.

ಮಸಿ ಹಿಡಿದ ಪ್ಲಗ್ಗು, ತಣ್ಣಗಿರುವ ಎಂಜಿನ್

ಮುಂದಿನದು ಎಂಜಿನ್. ಮೂರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತು ಮಾಡಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ಗಿನ ತುದಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕೆ ಇರುತ್ತದೆ. ನನ್ನ ಮೂರು ಪ್ಲಗ್ಗುಗಳ ಮೇಲೂ ಒಣ ಕಪ್ಪು ಮಸಿ ಕೂತಿತ್ತು. ಒಂದರ ಮೇಲೆ ಮಾತ್ರ ಮಸಿ ಇದ್ದರೆ ಆ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಕಿಡಿಗೆ ವಿದ್ಯುತ್ ಕೊಡುವ ಕಾಯಿಲನ್ನು ಅನುಮಾನಿಸಬೇಕು. ಮೂರರ ಮೇಲೂ ಒಂದೇ ಸಮನೆ ಇದ್ದರೆ ಇಡೀ ಎಂಜಿನ್ನಿಗೇ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಹೋಗುತ್ತಿದೆ ಎಂದು ಅರ್ಥ. ಹೊಸ ಪ್ಲಗ್ಗು ಹಾಕಿಸಿ ಸುಮ್ಮನಾಗಬಹುದಿತ್ತು. ಆದರೆ ಮಸಿ ಬರುತ್ತಿರುವುದರ ಕಾರಣ ತಿಳಿಯದೆ ಪ್ಲಗ್ಗು ಬದಲಿಸಿದರೆ ಹೊಸದರ ಮೇಲೂ ಮಸಿಯೇ ಕೂರುತ್ತದೆ.

2013ರ ಏಪ್ರಿಲ್ ನಂತರ ನಮ್ಮ ದೇಶದಲ್ಲಿ ತಯಾರಾದ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಓಬಿಡಿ (ಕಾರು ತನ್ನ ದೋಷಗಳನ್ನು ತಾನೇ ಗುರುತಿಸುವ ವ್ಯವಸ್ಥೆ) ಎರಡನೆಯ ಹಂತದ ಸಾಕೆಟ್ ಇರುತ್ತದೆ. ಬ್ಲೂಟೂತ್ ಮೂಲಕ ಮೊಬೈಲಿಗೆ ಹೊಂದಿಕೊಳ್ಳುವ ಅಗ್ಗದ ಸ್ಕ್ಯಾನರೊಂದನ್ನು ಅದಕ್ಕೆ ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಏನನ್ನು ಕಾಣುತ್ತಿದೆಯೋ ಅದನ್ನು ನಾವೂ ಕಾಣಬಹುದು. ಇಸಿಯು ಯಾವ ದೋಷವನ್ನೂ ದಾಖಲಿಸಿರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪವೂ ಹೊತ್ತಿರಲಿಲ್ಲ. ಆದರೆ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟಿನ ಉಷ್ಣತೆಯ ಅಂಕಿ ನೋಡಿ ನನಗೆ ಆಶ್ಚರ್ಯವಾಯಿತು. ಬೆಳಿಗ್ಗೆ ಹೆಬ್ಬಾಳು ಟೋಲ್ ದಾಟಿ ಭರಮಸಾಗರ ತಲುಪುವ ಹೊತ್ತಿಗೂ ಅದು 62 ಅಥವಾ 64 ಡಿಗ್ರಿಯಲ್ಲೇ ಇತ್ತು. ಚಿತ್ರದುರ್ಗದ ಊರೊಳಗೆ ಬಂದು ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ 80ರ ಮೇಲೆ ಹೋಗುತ್ತಿತ್ತು. ಈ ಕಾರಿನಲ್ಲಿ ಉಷ್ಣತೆ ತೋರಿಸುವ ಮುಳ್ಳು ಇಲ್ಲ. ಎಂಜಿನ್ ಅತಿಯಾಗಿ ಕಾದರೆ ಹೊತ್ತುವ ಕೆಂಪು ದೀಪ ಮಾತ್ರ ಇದೆ. ಆದ್ದರಿಂದ ಎಂಜಿನ್ ಕಾಯಬೇಕಾದಷ್ಟು ಕಾಯುತ್ತಿಲ್ಲ ಎಂಬುದು ಓಡಿಸುವವನಿಗೆ ಎಂದೂ ಗೊತ್ತಾಗುವುದಿಲ್ಲ.

ಎಂಜಿನ್ ಮತ್ತು ರೇಡಿಯೇಟರ್ ನಡುವೆ ಥರ್ಮೋಸ್ಟಾಟ್ ಎಂಬ ಕವಾಟವಿರುತ್ತದೆ. ಅದರೊಳಗಿನ ಮೇಣ ನಿಗದಿತ ಉಷ್ಣತೆಯಲ್ಲಿ ಕರಗಿ ಹಿಗ್ಗಿದಾಗ ಕವಾಟ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿಯವರೆಗೆ ಎಂಜಿನ್ನಿನೊಳಗೇ ಸುತ್ತಿಸಿ ಬೇಗ ಕಾಯುವಂತೆ ಮಾಡುತ್ತದೆ. ಅದು ಕೂರುವ ಗೂಡಿನ, ಅಂದರೆ ಹೌಸಿಂಗಿನ, ಬೋಲ್ಟುಗಳನ್ನು ಬಿಚ್ಚಿ ನೋಡಿದರೆ ಒಳಗೆ ಥರ್ಮೋಸ್ಟಾಟ್ ಇರಲೇ ಇಲ್ಲ. ಹಿಂದೆ ಯಾರೋ ತೆಗೆದು ಹಾಕಿದ್ದರು. ಜೊತೆಗಿದ್ದ ಮೆಕ್ಯಾನಿಕ್ ಇದರಲ್ಲಿ ಹೊಸದೇನೂ ಇಲ್ಲವೆಂಬಂತೆ ಹೇಳಿದರು: "ನಮ್ಮ ಕಡಿ ಬಿಸ್ಲಿಗೆ ಅದು ಬ್ಯಾಡ ಅಂತ ತೆಗ್ದುಬಿಡ್ತಾರ‍್ರೀ ಸರ್. ಗಾಡಿ ಹೀಟ್ ಆಗಲ್ಲ ನೋಡ್ರಿ."

ಬಯಲುಸೀಮೆಯಲ್ಲಿ ಈ ನಂಬಿಕೆ ಬಹಳ ಆಳವಾಗಿ ಬೇರೂರಿದೆ, ಅದಕ್ಕೆ ಒಂದು ಹಿನ್ನೆಲೆಯೂ ಇದೆ. ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲಿಯೇ ಕೆಟ್ಟು ನಿಂತರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆ ದೊಡ್ಡ ಖರ್ಚನ್ನು ಕಂಡವರು ಮುಂಜಾಗ್ರತೆಯೆಂದು ಅದನ್ನೇ ತೆಗೆಯುತ್ತಾರೆ. ಆದರೆ ಹೊರಗಿನ ಬಿಸಿಲು 40 ಡಿಗ್ರಿ ಇದ್ದರೂ ಎಂಜಿನ್ನಿಗೆ ಬೇಕಾದದ್ದು 85ರಿಂದ 95 ಡಿಗ್ರಿ. ಬಿಸಿಲಿನಿಂದ ಆ ಅಂತರ ತುಂಬುವುದಿಲ್ಲ. ಹೆದ್ದಾರಿಯ ವೇಗದಲ್ಲಿ ರೇಡಿಯೇಟರಿಗೆ ಬಡಿಯುವ ಗಾಳಿ ಎಂಜಿನ್ನನ್ನು ಸದಾ ತಣ್ಣಗಿಡುತ್ತದೆ. ಉಷ್ಣತೆಯ ಸೆನ್ಸರ್ ಅರವತ್ತರ ಆಸುಪಾಸಿನ ಅಂಕಿ ಕಳಿಸುತ್ತಿರುವಷ್ಟು ಹೊತ್ತೂ ಎಂಜಿನ್ ಇನ್ನೂ ಕಾಯುತ್ತಿದೆ ಎಂದು ತಿಳಿದು ಇಸಿಯು ಪೆಟ್ರೋಲನ್ನು ಸ್ವಲ್ಪ ಹೆಚ್ಚಾಗಿಯೇ ಚಿಮ್ಮಿಸುತ್ತದೆ, ನಿಂತಾಗಿನ ಎಂಜಿನ್ ವೇಗವನ್ನೂ ಏರಿಸಿಡುತ್ತದೆ. ನನ್ನ ಕಾರು ನ್ಯೂಟ್ರಲ್‌ನಲ್ಲಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿದ್ದುದಕ್ಕೆ ಇದೇ ಕಾರಣ. ಎಂಜಿನ್ ಆಯಿಲ್ ಸರಿಯಾಗಿ ತೆಳುವಾಗದೆ ಒಳಗಿನ ಘರ್ಷಣೆ ಹೆಚ್ಚುತ್ತದೆ. ಪೆಟ್ರೋಲ್ ಪೂರ್ತಿ ಉರಿಯದೆ ಮಸಿಯಾಗುತ್ತದೆ, ಒಂದು ಪಾಲು ಆಯಿಲಿನೊಳಗೂ ಇಳಿಯುತ್ತದೆ.

ಹೌಸಿಂಗಿನಿಂದ ಇಳಿದ ನೀರು ಕೆಂಪು ಮಣ್ಣಿನ ಬಣ್ಣಕ್ಕಿತ್ತು. ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿಸಿ ಓಡಿಸಿದ್ದರ ಫಲ. ದಾವಣಗೆರೆ, ಚಿತ್ರದುರ್ಗದ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ನಮ್ಮ ಬಚ್ಚಲಿನ ಹಂಡೆಯಲ್ಲಿ ಕಟ್ಟುವ ಸುಣ್ಣದಿಂದಲೇ ಗೊತ್ತಾಗುತ್ತದೆ. ರೇಡಿಯೇಟರನ್ನು ಶುದ್ಧ ನೀರು ಬರುವ ತನಕ ತೊಳೆದು, ಕೊನೆಗೆ ಡಿಸ್ಟಿಲ್ಡ್ ವಾಟರಿನಿಂದ ಒಮ್ಮೆ ಜಾಲಿಸಿದೆ.

ಹೊಸ ಥರ್ಮೋಸ್ಟಾಟನ್ನು ಹಾಕುವ ಮೊದಲು ಅಡುಗೆಮನೆಯಲ್ಲಿ ಪರೀಕ್ಷಿಸಿದೆ. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು, ಮಾಡಲೇಬೇಕು. ಅದು ತೆರೆಯಬೇಕಾದ ಉಷ್ಣತೆಯನ್ನು ಲೋಹದ ಮೇಲೆಯೇ ಅಚ್ಚೊತ್ತಿರುತ್ತಾರೆ. ನನ್ನದರ ಮೇಲೆ 82 ಎಂದಿತ್ತು. ಹಳೆಯ ಪಾತ್ರೆಯೊಂದರಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಿಂದ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಸಣ್ಣ ಉರಿಯಲ್ಲಿ ಕಾಯಿಸಿದೆ. 80 ದಾಟಿದ ಮೇಲೆ ಕವಾಟ ನಿಧಾನವಾಗಿ ಸರಿಯತೊಡಗಿ 95ರ ಹೊತ್ತಿಗೆ ಪೂರ್ತಿ ತೆರೆಯಿತು. ನೀರಿನಿಂದ ತೆಗೆದು ಆರಲು ಬಿಟ್ಟಾಗ ಮತ್ತೆ ಬಿಗಿಯಾಗಿ ಮುಚ್ಚಿಕೊಂಡಿತು. ಮುಚ್ಚಿಕೊಂಡು ಉಳಿದುಬಿಟ್ಟರೆ ಎಂಬ ಹೆದರಿಕೆ ಇರುವವರಿಗೆ ಈ ಹದಿನೈದು ನಿಮಿಷದ ಕೆಲಸ ಧೈರ್ಯ ಕೊಡುತ್ತದೆ.

ಹಾಕುವಾಗ ಎರಡು ವಿಷಯ ನೋಡಿಕೊಳ್ಳಬೇಕು. ಅದರ ಚಾಚುಪಟ್ಟಿಯಲ್ಲಿ ಗಾಳಿ ಹೊರಹೋಗಲು ಒಂದು ಸಣ್ಣ ಕಿಂಡಿ ಇರುತ್ತದೆ, ಅದು ಮೇಲ್ಮುಖವಾಗಿ ಬರಬೇಕು. ಹೌಸಿಂಗಿನ ಮುಖವನ್ನು ಹಳೆಯ ಗ್ಯಾಸ್ಕೆಟ್ಟಿನ ಚೂರು ಉಳಿಯದಂತೆ ಕೆರೆದು ಹೊಸ ಗ್ಯಾಸ್ಕೆಟ್ ಕೂರಿಸಬೇಕು. ಅಲ್ಯೂಮಿನಿಯಂ ಹೌಸಿಂಗಿನ ಬೋಲ್ಟುಗಳನ್ನು ಬಲ ಹಾಕಿ ತಿರುಗಿಸಿದರೆ ರಂಧ್ರದೊಳಗಿನ ತಿರುಪಿನ ಮರೆ ಕಿತ್ತು ಬರುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ ತುಂಬಿ, ರೇಡಿಯೇಟರ್ ಮುಚ್ಚಳ ತೆಗೆದಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಚಾಲೂ ಮಾಡಿ ಗುಳ್ಳೆಗಳು ನಿಲ್ಲುವ ತನಕ ಮೇಲೆ ಮೇಲೆ ತುಂಬಿಸುತ್ತಿರಬೇಕು. ಕಾದ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬಾರದು. ಈ ಕೆಲಸವನ್ನು ತಣ್ಣಗಿರುವಾಗಲೇ ಆರಂಭಿಸಬೇಕು. ಫ್ಯಾನು ತಾನಾಗಿ ಒಮ್ಮೆ ತಿರುಗಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು ಕಾರನ್ನು ರಸ್ತೆಗೆ ತಂದೆ.

ಮರುದಿನ ಸ್ಕ್ಯಾನರಿನಲ್ಲಿ ಕಂಡದ್ದು: ಆನಗೋಡು ಬರುವ ಮೊದಲೇ 84, ಮುಂದೆ ಚಿತ್ರದುರ್ಗದವರೆಗೆ 85ರಿಂದ 89ರ ನಡುವೆ ಸ್ಥಿರ. ನಿಂತಾಗಿನ ವೇಗ 850 ಸುತ್ತಿಗೆ ಇಳಿಯಿತು. ಅದರ ನಂತರವೇ ಹೊಸ ಪ್ಲಗ್ಗುಗಳನ್ನು ಕೈಪಿಡಿ ಹೇಳುವ ಅಂತರಕ್ಕೆ ಫೀಲರ್ ಗೇಜಿನಿಂದ ನೋಡಿ ಹಾಕಿದೆ. ಆಯಿಲ್ ಬದಲಿಸುವ ಕಾಲವೂ ಬಂದಿದ್ದರಿಂದ, ಹಿಂದೆ ತುಂಬಿಸಿದ್ದ ದಪ್ಪ 20ಡಬ್ಲ್ಯು-50 ತೆಗೆಸಿ ಕೈಪಿಡಿಯಲ್ಲಿರುವ 5ಡಬ್ಲ್ಯು-30 ಹಾಕಿಸಿದೆ. ಸೂಚಿಸಿದ ದರ್ಜೆಯ ಆಯಿಲಿನಿಂದ ಶೇಕಡಾ ಒಂದೆರಡು ಉಳಿಯುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಇಷ್ಟೂ ಸೇರಿ ಸರಾಸರಿ 17.4ಕ್ಕೆ ಏರಿತು.

ಮಾಡಿದರೂ ಮೈಲೇಜ್ ಏರದ ಕೆಲಸಗಳು

ಏರ್ ಫಿಲ್ಟರ್ ಬದಲಿಸಿದೆ. ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಿ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಏಳುವ ಹೊಟ್ಟು ಮತ್ತು ಧೂಳಿನಿಂದ ಅದು ಬೇಗ ತುಂಬುತ್ತದೆ. ಮೈಲೇಜಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದು ನಿರೀಕ್ಷಿತವೇ. ಕಾರ್ಬ್ಯುರೇಟರ್ ಕಾಲದ ವಾಹನಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಹೆಚ್ಚು ಎಳೆಯುತ್ತಿತ್ತು. ಈಗಿನ ಎಂಜಿನ್ನುಗಳಲ್ಲಿ ಒಳಬರುವ ಗಾಳಿಗೆ ತಕ್ಕಂತೆ ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇದನ್ನೇ ಹೇಳಿತು: ಎಳೆತ ಕಡಿಮೆಯಾಗುತ್ತದೆ, ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಎಂಜಿನ್ನಿನ ಆಯಸ್ಸಿಗಾಗಿ ಫಿಲ್ಟರ್ ಬದಲಿಸಬೇಕು, ಉಳಿತಾಯಕ್ಕಾಗಿ ಅಲ್ಲ.

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ, ಸಾಕೆಟ್ಟಿಗೆ ಸಿಕ್ಕಿಸುವ ಮಿನುಗುದೀಪದ ಡಬ್ಬಿ ಇವುಗಳಿಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೆಚ್ಚಿನವುಗಳಿಂದ ಯಾವ ಪ್ರಯೋಜನವೂ ಕಂಡುಬಂದಿಲ್ಲ. ಆ ಹಣದಲ್ಲಿ ಒಂದು ಒಳ್ಳೆಯ ಟೈರ್ ಗೇಜ್ ಬರುತ್ತದೆ.

ವೇಗ, ಗಾಳಿ, ಇಳಿಜಾರು

ಕಾರು ಸರಿಯಾದ ಮೇಲೆ ಉಳಿದದ್ದು ಓಡಿಸುವ ರೀತಿ. ಗಾಳಿಯ ಎದುರುಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇದ್ದುದಕ್ಕಿಂತ 100ರಲ್ಲಿ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು. ಗಾಡಿಯನ್ನು ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಿ ಎಂದು ನಮ್ಮ ದೇಶದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಬಹಳ ವರ್ಷಗಳಿಂದ ಹೇಳುತ್ತಾ ಬಂದಿದೆ. ಭಾರಿ ಲಾರಿಗಳು ಓಡುವ ಆರು ಪಥದ ಹೆದ್ದಾರಿಯಲ್ಲಿ ಅಷ್ಟು ನಿಧಾನ ಹೋಗುವುದು ಕ್ಷೇಮವಲ್ಲವೆಂದು ನನಗೆ ಅನ್ನಿಸುತ್ತದೆ, ಆದ್ದರಿಂದ 80ನ್ನು ನನ್ನ ಮಿತಿಯಾಗಿ ಇಟ್ಟುಕೊಂಡೆ. 60 ಕಿ.ಮೀ. ದಾರಿಗೆ 100ರಲ್ಲಿ 36 ನಿಮಿಷ, 80ರಲ್ಲಿ 45 ನಿಮಿಷ. ಒಂಬತ್ತು ನಿಮಿಷ ಮೊದಲು ಮನೆ ಬಿಟ್ಟರೆ ಸಾಕು. ಈ ಒಂದು ಬದಲಾವಣೆಯಿಂದ ಸರಾಸರಿ 17.4ರಿಂದ 19.1ಕ್ಕೆ ಹೋಯಿತು, ಎಲ್ಲ ರಿಪೇರಿಗಳಿಗಿಂತ ಅಗ್ಗದ ಬದಲಾವಣೆ ಇದೇ.

ಆಷಾಢದ ಗಾಳಿಯನ್ನು ಈ ದಾರಿಯವರು ಲೆಕ್ಕಕ್ಕೆ ಹಿಡಿಯಲೇಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಇಲ್ಲಿನ ಗಾಳಿಯ ಬಲಕ್ಕೆ ಸಾಕ್ಷಿ. ಮುಂಗಾರಿನಲ್ಲಿ ಅದು ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಸಂಜೆ ದಾವಣಗೆರೆಯ ಕಡೆ ವಾಯವ್ಯಕ್ಕೆ ಮುಖಮಾಡಿ ಬರುವಾಗ ಎಡಗಡೆಯಿಂದ ಓರೆಯಾಗಿ ಎದುರು ಬಡಿಯುತ್ತದೆ. ಆ ತಿಂಗಳುಗಳಲ್ಲಿ ಅಂಕಿ ಇಳಿದರೆ ಕಾರನ್ನು ಮತ್ತೆ ಬಿಚ್ಚುವ ಅಗತ್ಯವಿಲ್ಲ.

ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ ಮಾಡಿ ಉರುಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ನಮ್ಮ ಚಾಲಕರಲ್ಲಿ ಬಹಳ ಇದೆ. ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇದು ಉಲ್ಟಾ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಸಿಯು ಇಂಜೆಕ್ಟರುಗಳನ್ನು ಪೂರ್ತಿ ಮುಚ್ಚುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು. ಎಂಜಿನ್ ಆಫ್ ಮಾಡಿ ಉರುಳಿಸುವುದಂತೂ ಅಪಾಯ, ಬ್ರೇಕಿಗೆ ಬಲ ಕೊಡುವ ನಿರ್ವಾತ ಒಂದೆರಡು ಒತ್ತಿಗೇ ಮುಗಿದು ಪೆಡಲ್ ಕಲ್ಲಾಗುತ್ತದೆ. ಎಂಜಿನ್ ಆರಿಸಬೇಕಾದದ್ದು ನಿಂತಾಗ: ರೈಲ್ವೆ ಗೇಟಿನಲ್ಲಿ, ಉದ್ದದ ಸಿಗ್ನಲ್ಲಿನಲ್ಲಿ. ಇಂಥ ಎಂಜಿನ್ ಸುಮ್ಮನೆ ನಿಂತಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ.

ಇ20 ಪೆಟ್ರೋಲಿನ ಪಾಲು

ಈ ಕಾರು ಹೊಸದಿದ್ದಾಗ ಕೊಡುತ್ತಿದ್ದ ಅಂಕಿಯನ್ನೇ ಈಗಲೂ ಗುರಿಯಾಗಿಟ್ಟರೆ ಅನ್ಯಾಯವಾದೀತು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ಒಂದು ಲೀಟರ್ ಎಥನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟು ಮಾತ್ರ ಶಕ್ತಿ ಇದೆ. ಇ10ಕ್ಕೆ, ಅಂದರೆ ಶೇಕಡಾ 10ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ, ಹೊಂದಿಸಿದ ಹಳೆಯ ವಿನ್ಯಾಸದ ಕಾರುಗಳು ಇ20ರಲ್ಲಿ ಓಡಿದರೆ ಮೈಲೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ಎಥನಾಲ್ ಮಾರ್ಗಸೂಚಿಯಲ್ಲಿಯೇ ಹೇಳಲಾಗಿತ್ತು. ಲೀಟರಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚಿನ ಈ ನಷ್ಟವನ್ನು ಯಾವ ಗ್ಯಾರೇಜೂ ಸರಿಮಾಡಲಾರದು. ಹಳೆಯ ಕಾರಿನವರು ರಬ್ಬರ್ ಪೆಟ್ರೋಲ್ ಪೈಪುಗಳನ್ನು ಆಗಾಗ ಬಾಗಿಸಿ ನೋಡಿ, ಬಿರುಕು ಕಂಡರೆ ಬದಲಿಸಬೇಕು; ಅದು ಉಳಿತಾಯಕ್ಕಿಂತ ಬೆಂಕಿಯ ವಿಷಯ.

ಖರ್ಚು ಮತ್ತು ಉಳಿದ ಕೆಲಸ

ಸ್ಕ್ಯಾನರ್, ಥರ್ಮೋಸ್ಟಾಟ್, ಕೂಲಂಟ್, ಬ್ರೇಕ್ ಸಾಮಾನು ಮತ್ತು ಕೂಲಿ, ಪ್ಲಗ್ಗು, ಆಯಿಲ್, ಅಲೈನ್‌ಮೆಂಟ್, ಗಾಳಿ ಪಂಪು ಎಲ್ಲ ಸೇರಿ ಸುಮಾರು ಎಂಟು ಸಾವಿರ ರೂಪಾಯಿ ಆಯಿತು. ಹೋಗಿ ಬರುವ 120 ಕಿ.ಮೀ.ಗೆ ಮೊದಲು ಸುಮಾರು ಎಂಟೂವರೆ ಲೀಟರ್ ಬೇಕಿತ್ತು, ಈಗ ಆರೂಕಾಲು ಲೀಟರ್ ಸಾಕು. ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚಿನ ಈ ವ್ಯತ್ಯಾಸದಲ್ಲಿ ಖರ್ಚು ಮಾಡಿದ್ದು ಎರಡು ತಿಂಗಳೊಳಗೆ ಹುಟ್ಟಿತು.

ಇನ್ನೂ ಎರಡು ಕೆಲಸಗಳಿವೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಇಸಿಯುಗೆ ತಿಳಿಸುವ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ 0.1 ಮತ್ತು 0.9ರ ನಡುವೆ ಚುರುಕಾಗಿ ಏರಿಳಿಯಬೇಕು. ನನ್ನದು ಏರಿಳಿಯುತ್ತದೆ, ಆದರೆ ನಿಧಾನವಾಗಿ. ಅಷ್ಟು ವರ್ಷ ಮಸಿಯಲ್ಲಿ ನೆಂದ ಸೆನ್ಸರ್ ಅದು. ಬಿಸಿಯಾದ ಎಂಜಿನ್ನಿನಲ್ಲಿ ಇನ್ನು ಕೆಲವು ಟ್ಯಾಂಕು ಓಡಿದ ಮೇಲೂ ಚುರುಕಾಗದಿದ್ದರೆ ಬದಲಿಸುತ್ತೇನೆ. ಹಿಂದಿನ ಎಡಚಕ್ರದ ಬೇರಿಂಗು ಸಿರಿಗೆರೆ ಕ್ರಾಸಿನ ನಂತರದ ನುಣುಪು ರಸ್ತೆಯಲ್ಲಿ ಸಣ್ಣಗೆ ಗುಂಯ್ಗುಡುತ್ತದೆ. ಅದನ್ನು ಬದಲಿಸಿದ ಮೇಲೆ ಆನಗೋಡಿನ ಅದೇ ಸರ್ವಿಸ್ ರಸ್ತೆಯಲ್ಲಿ, ಅದೇ ಮರದ ನೇರದಿಂದ, ಕಾರನ್ನು ಮತ್ತೆ ಉರುಳಿಸಿ ದೂರ ಅಳೆಯಬೇಕು.